ಗಟ್ಟಿಮರದ ಹಲಗೆಯ ನೆಲ: ತೇವಾಂಶದ ಅಳತೆಯಿಂದ ಕೊನೆಯ ಸ್ಕರ್ಟಿಂಗ್ ಪಟ್ಟಿಯವರೆಗೆ

4.25 ಮೀಟರ್ ಉದ್ದ ಮತ್ತು 3.62 ಮೀಟರ್ ಅಗಲದ ಒಂದು ಕೋಣೆಗೆ 19 ಮಿಲಿಮೀಟರ್ ದಪ್ಪ, 83 ಮಿಲಿಮೀಟರ್ ಅಗಲದ ಕೆಂಪು ಓಕ್ ಹಲಗೆಗಳನ್ನು ನಾನೇ ಹಾಸಿ, ಮೊಳೆ ಹೊಡೆದು, ಉಜ್ಜಿ, ಲೇಪ ಹಚ್ಚಿ ಮುಗಿಸಿದ ಕೆಲಸದ ದಾಖಲೆ ಇದು. ಹಲಗೆಗಳು ಕಾರ್ಖಾನೆಯಿಂದ ಲೇಪವಿಲ್ಲದೆ ಬಂದಿದ್ದವು. ಪ್ರತಿಯೊಂದರ ಒಂದು ಅಂಚಿನಲ್ಲಿ ನಾಲಿಗೆ, ಇನ್ನೊಂದು ಅಂಚಿನಲ್ಲಿ ಅದು ಕೂರುವ ತೋಡು; ಎರಡು ತುದಿಗಳಲ್ಲೂ ಅದೇ ಜೋಡಣೆ. ಕೋಣೆಯ ನೆಲ 400 ಮಿಲಿಮೀಟರ್ ಅಂತರದ ಮರದ ತೊಲೆಗಳ ಮೇಲೆ ಕೂರಿಸಿದ 18 ಮಿಲಿಮೀಟರ್ ಪ್ಲೈವುಡ್. ಇಂಥ ತಳಕ್ಕೆ ಹಲಗೆಯನ್ನು ಮೊಳೆಯಿಂದಲೇ ಬಿಗಿಯಬಹುದು. ಕಾಂಕ್ರೀಟಿನ ಮೇಲೆ ನೇರವಾಗಿ ಹಾಸುವವರಿಗೆ ಈ ವಿಧಾನ ಹಾಗೆಯೇ ಹೊಂದುವುದಿಲ್ಲ. ಅಲ್ಲಿ ಮೊದಲು ಕಾಂಕ್ರೀಟಿನೊಳಗಿನ ತೇವವನ್ನು ಅಳೆದು, ತೇವತಡೆ ಹಾಕಿ, ಆ ಬಳಿಕ ಅಂಟಿನಿಂದ ಕೂರಿಸುವ ಅಥವಾ ಪದರ ಜೋಡಿಸಿ ಮಾಡಿದ ಹಲಗೆಯನ್ನು ಬಳಸುವ ಬೇರೆ ದಾರಿ ಹಿಡಿಯಬೇಕಾಗುತ್ತದೆ.

ಮರವನ್ನು ಆರಿಸುವಾಗ ಎಲ್ಲರೂ ಮೊದಲು ಕೇಳುವುದು ಅದು ಎಷ್ಟು ಗಟ್ಟಿ ಎಂದು. ಇದಕ್ಕೆ ಜಾಂಕಾ ಪರೀಕ್ಷೆಯ ಅಂಕಿಗಳಿವೆ. 11.28 ಮಿಲಿಮೀಟರ್ ವ್ಯಾಸದ ಉಕ್ಕಿನ ಗುಂಡನ್ನು ಮರದೊಳಗೆ ಅರ್ಧದವರೆಗೆ ಒತ್ತಲು ಬೇಕಾಗುವ ಬಲವೇ ಆ ಅಂಕಿ. ಕೆಂಪು ಓಕಿಗೆ ಅದು 1290 ಪೌಂಡ್, ಬಿಳಿ ಓಕಿಗೆ 1360, ಗಟ್ಟಿ ಮೇಪಲ್‌ಗೆ 1450. ಈ ಅಂಕಿಗಳು ಕುರ್ಚಿಯ ಕಾಲು ನೆಲವನ್ನು ಎಷ್ಟು ತಗ್ಗಿಸೀತು ಎಂಬುದನ್ನು ಹೇಳುತ್ತವೆಯೇ ಹೊರತು, ಹಾಸಿದ ನೆಲ ವರ್ಷವಿಡೀ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಹೇಳುವುದಿಲ್ಲ. ಅದನ್ನು ತಿಳಿಯಲು ಮರವು ತೇವಕ್ಕೆ ಎಷ್ಟು ಹಿಗ್ಗುತ್ತದೆ, ಒಣಗಿದಾಗ ಎಷ್ಟು ಕುಗ್ಗುತ್ತದೆ ಎಂಬ ಅಂಕಿ ಬೇಕು. ನನ್ನ ಅಭಿಪ್ರಾಯದಲ್ಲಿ ಮೊದಲು ನೋಡಬೇಕಾದದ್ದು ಅದನ್ನೇ, ಏಕೆಂದರೆ ಈ ಕೆಲಸದ ಬಹುತೇಕ ಎಲ್ಲ ನಿಯಮಗಳೂ ಅದರಿಂದಲೇ ಹುಟ್ಟಿವೆ.

ಮರ ಉದ್ದಕ್ಕೆ ಹಿಗ್ಗುವುದು ತೀರ ಕಡಿಮೆ, ಲೆಕ್ಕಕ್ಕೆ ಸಿಗದಷ್ಟು. ಅದು ಹಿಗ್ಗುವುದು ಅಡ್ಡಕ್ಕೆ. ಅಡ್ಡಕ್ಕೂ ಎಲ್ಲ ದಿಕ್ಕಿನಲ್ಲಿ ಸಮನಾಗಿ ಹಿಗ್ಗದೆ, ವಾರ್ಷಿಕ ಉಂಗುರಗಳ ಗುಂಟ ಆಗುವ ಬದಲಾವಣೆಯು ಉಂಗುರಗಳನ್ನು ಕತ್ತರಿಸಿಕೊಂಡು ಹೋಗುವ ದಿಕ್ಕಿನದಕ್ಕಿಂತ ಸುಮಾರು ಎರಡು ಪಟ್ಟು ಇರುತ್ತದೆ. ಫ್ಲ್ಯಾಟ್ ಸಾನ್ ಹಲಗೆ, ಎಂದರೆ ಮೇಲ್ಮೈಯಲ್ಲಿ ಕಮಾನಿನಂಥ ಗೆರೆಗಳು ಕಾಣುವಂತೆ ಕೊಯ್ದದ್ದು, ಕೆಂಪು ಓಕಿನಲ್ಲಿ ತೇವಾಂಶದ ಪ್ರತಿ ಶೇಕಡ 1ರ ಬದಲಾವಣೆಗೆ ತನ್ನ ಅಗಲದ 0.00369 ಪಾಲು ಬದಲಾಗುತ್ತದೆ. ಗೆರೆಗಳು ನೆಟ್ಟಗೆ ಕಾಣುವ ಕ್ವಾರ್ಟರ್ ಸಾನ್ ಹಲಗೆಯಲ್ಲಿ ಈ ಪಾಲು 0.00158 ಮಾತ್ರ. ತೇಗ ಫ್ಲ್ಯಾಟ್ ಸಾನ್ ಕೊಯ್ತದಲ್ಲೂ 0.00186ರಷ್ಟೇ ಬದಲಾಗುತ್ತದೆ, ಗಡಸುತನದಲ್ಲಿ ಓಕಿಗಿಂತ ಹಿಂದಿದ್ದರೂ ತೇಗದ ಕೆಲಸ ಅಲುಗಾಡದೆ ನಿಲ್ಲುವುದಕ್ಕೆ ಇದೊಂದು ಕಾರಣ. ನನ್ನ 83 ಮಿಲಿಮೀಟರ್ ಹಲಗೆಗೆ ಲೆಕ್ಕ ಹಾಕಿದರೆ ತೇವಾಂಶ ಶೇಕಡ 1ರಷ್ಟು ಏರಿದಾಗ ಪ್ರತಿ ಹಲಗೆ 0.3 ಮಿಲಿಮೀಟರಿನಷ್ಟು ಅಗಲವಾಗುತ್ತದೆ. ಒಂದು ಹಲಗೆಯಲ್ಲಿ ಇದು ಕಣ್ಣಿಗೆ ಕಾಣದು. ಆದರೆ ಇಡೀ ಕೋಣೆಯ ಅಗಲಕ್ಕೆ ಕೂಡಿದಾಗ ಅದು 13 ಮಿಲಿಮೀಟರ್ ಆಗುತ್ತದೆ. ಶೇಕಡ 3ರ ಏರಿಕೆಗೆ 4 ಸೆಂಟಿಮೀಟರ್ ಹತ್ತಿರ. ಗೋಡೆಗೆ ಒತ್ತಿ ಹಾಸಿದ ನೆಲಗಳು ಮಳೆಗಾಲದಲ್ಲಿ ನಡುವೆ ಉಬ್ಬಿ ಮೇಲೇಳುವುದರ ಹಿಂದಿನ ಲೆಕ್ಕ ಇಷ್ಟೇ.

ಹಲಗೆಗಳು ಬಂದ ಕೂಡಲೇ ಅವುಗಳ ಕಟ್ಟು ಬಿಚ್ಚಿ, ಅದೇ ಕೋಣೆಯಲ್ಲಿ, ನಡುವೆ ಗಾಳಿಯಾಡುವಂತೆ ಸಣ್ಣ ರೀಪರುಗಳನ್ನಿಟ್ಟು ಅಡ್ಡಡ್ಡ ಪೇರಿಸಿದೆ. ಎರಡು ಸೂಜಿಗಳ ತೇವಮಾಪಕದಿಂದ ಬೇರೆ ಬೇರೆ ಕಟ್ಟುಗಳ ಹಲಗೆಗಳನ್ನೂ ಪ್ಲೈವುಡ್ಡಿನ ಬೇರೆ ಬೇರೆ ಜಾಗಗಳನ್ನೂ ಅಳೆದಾಗ ಹಲಗೆಗಳು ಶೇಕಡ 7ರ ಆಸುಪಾಸಿನಲ್ಲಿದ್ದವು. ಪ್ಲೈವುಡ್ ಶೇಕಡ 11 ತೋರಿಸಿತು. ಗೋಡೆಗಳಿಗೆ ಆಗಷ್ಟೇ ಹೊಸ ಗಾರೆ ಮತ್ತು ಬಣ್ಣ ಆಗಿದ್ದುದರಿಂದ ಆ ನೀರಿನ ಪಾಲು ತಳದಲ್ಲಿ ಕುಳಿತಿತ್ತು. 75 ಮಿಲಿಮೀಟರ್ ಅಥವಾ ಅದಕ್ಕಿಂತ ಅಗಲದ ಹಲಗೆಗೆ ತಳಕ್ಕೂ ಹಲಗೆಗೂ ನಡುವಿನ ವ್ಯತ್ಯಾಸ ಶೇಕಡ 2ನ್ನು ಮೀರಬಾರದು. ಅದಕ್ಕಿಂತ ಕಿರಿದಾದ ಪಟ್ಟಿಗಳಿಗೆ ಶೇಕಡ 4ರವರೆಗೆ ನಡೆಯುತ್ತದೆ. ಆದ್ದರಿಂದ ಕೆಲಸ ಆರಂಭಿಸದೆ, ಕೋಣೆಯನ್ನು ಮುಂದೆ ಜನ ವಾಸಿಸುವಾಗ ಇರುವಂಥದೇ ಉಷ್ಣತೆ ಮತ್ತು ಆರ್ದ್ರತೆಯಲ್ಲಿಟ್ಟು, ದಿನಕ್ಕೊಮ್ಮೆ ಗುರುತು ಮಾಡಿದ ಅದೇ ಜಾಗಗಳಲ್ಲಿ ಅಳೆಯುತ್ತ ಕಾದೆ.

ಮರವನ್ನು ಇಂತಿಷ್ಟು ದಿನ ಕೋಣೆಯಲ್ಲಿಟ್ಟರೆ ಸಾಕು ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಅದನ್ನು ನಂಬಬಾರದೆಂದೇ ನಾನು ಹೇಳುತ್ತೇನೆ. ಕಾಯುವಿಕೆ ಮುಗಿಯಿತೆಂದು ಹೇಳಬೇಕಾದದ್ದು ಮಾಪಕ. ದಿನಗಳ ಎಣಿಕೆಗೆ ಆ ಅಧಿಕಾರವಿಲ್ಲ. 21 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 30 ಇದ್ದರೆ ಮರ ಸುಮಾರು ಶೇಕಡ 6ರಲ್ಲೂ, ಶೇಕಡ 50 ಇದ್ದರೆ ಸುಮಾರು 9ರಲ್ಲೂ, ಶೇಕಡ 60 ಇದ್ದರೆ 11ರಲ್ಲೂ ಬಂದು ನಿಲ್ಲುತ್ತದೆ. ತುಂಬ ತೇವದ ಕೋಣೆಯಲ್ಲಿ ಹಲಗೆಗಳನ್ನು ಇಟ್ಟಷ್ಟೂ ಅವು ಇನ್ನಷ್ಟು ತೇವ ಹೀರಿಕೊಳ್ಳುತ್ತವೆಯೇ ಹೊರತು ಹದಕ್ಕೆ ಬರುವುದಿಲ್ಲ. ನಮ್ಮ ಕೋಣೆಯ ಆರ್ದ್ರತೆ ಶೇಕಡ 45ರ ಸುತ್ತ ಸ್ಥಿರವಾಗಿ, ಹಲಗೆ 8ಕ್ಕೂ ಪ್ಲೈವುಡ್ 9ಕ್ಕೂ ಬಂದು, ಆ ಅಂಕಿಗಳು ದಿನದಿಂದ ದಿನಕ್ಕೆ ಬದಲಾಗದೆ ನಿಂತ ಮೇಲೆ ಮುಂದುವರಿದೆ.

ಕಾಯುವ ಹೊತ್ತಿನಲ್ಲಿ ತಳವನ್ನು ಸಿದ್ಧಪಡಿಸಿದೆ. ಮೊದಲು ಕೋಣೆಯನ್ನೆಲ್ಲ ನಿಧಾನವಾಗಿ ನಡೆದು, ಕಾಲಿಟ್ಟಾಗ ಕಿರುಗುಟ್ಟುವ ಪ್ರತಿ ಜಾಗಕ್ಕೂ ಸೀಮೆಸುಣ್ಣದ ಗುರುತು ಹಾಕಿದೆ. ಪ್ಲೈವುಡ್ ತೊಲೆಯಿಂದ ಕೂದಲೆಳೆಯಷ್ಟು ಎದ್ದು, ಹಳೆಯ ಮೊಳೆಯ ಕಾಂಡದ ಗುಂಟ ಮೇಲೆ ಕೆಳಗೆ ಜಾರುವುದರಿಂದ ಆ ಸದ್ದು ಬರುತ್ತದೆ. ಗುರುತಿದ್ದಲ್ಲೆಲ್ಲ 60 ಮಿಲಿಮೀಟರ್ ಸ್ಕ್ರೂಗಳನ್ನು ತೊಲೆಯೊಳಗೆ ಇಳಿಸಿದಾಗ ಸದ್ದು ನಿಂತಿತು. ಇದನ್ನು ಈಗಲೇ ಮಾಡಬೇಕು. ಮೇಲೆ ಓಕ್ ಬಂದು ಕೂತ ಮೇಲೆ ತಳದ ಸದ್ದನ್ನು ನಿಲ್ಲಿಸಲು ನೇರವಾದ ದಾರಿ ಉಳಿಯುವುದಿಲ್ಲ.

ಬಳಿಕ ಸಮತಲ. ನೆಲ ನೀರುಮಟ್ಟದಲ್ಲಿ ಇರಬೇಕೆಂದಿಲ್ಲ, ಆದರೆ ಸಮವಾಗಿರಲೇಬೇಕು. ಇವೆರಡನ್ನೂ ಬೆರೆಸಿಕೊಂಡು ರಸಮಟ್ಟ ಹಿಡಿದು ಓಡಾಡುವವರು ಬಹಳ. 3 ಮೀಟರ್ ಉದ್ದದ ನೇರಪಟ್ಟಿಯನ್ನು ಎಲ್ಲ ದಿಕ್ಕುಗಳಲ್ಲೂ ಇಟ್ಟು ನೋಡಿದಾಗ ಅದರ ಕೆಳಗೆ 5 ಮಿಲಿಮೀಟರಿಗಿಂತ ಹೆಚ್ಚಿನ ತಗ್ಗು ಕಾಣಬಾರದು. ಒಂದು ತೊಲೆಯ ಮೇಲೆ ಪ್ಲೈವುಡ್ ಉಬ್ಬಿತ್ತು. ಎರಡು ಹಾಳೆಗಳು ಕೂಡುವ ಅಂಚೂ ಅಲ್ಲೇ ಇದ್ದುದರಿಂದ ಆ ಅಂಚನ್ನು ಒರಟು ಕಾಗದದ ಯಂತ್ರದಿಂದ ಉಜ್ಜಿ ತಗ್ಗಿಸಿದೆ. ಕಿಟಕಿಯ ಬಳಿಯ ತಗ್ಗಿಗೆ ಡಾಂಬರು ಫೆಲ್ಟಿನ, ಎಂದರೆ ಡಾಂಬರು ಹೀರಿಸಿದ ದಪ್ಪ ಹಾಳೆಯ, ಪಟ್ಟಿಗಳನ್ನು ಒಂದಕ್ಕಿಂತ ಒಂದು ಕಿರಿದಾಗಿ ಕತ್ತರಿಸಿ, ಪದರ ಪದರವಾಗಿ ಹಾಸಿ ತುಂಬಿದೆ. ಮೊಳೆ ಹೊಡೆಯುವ ನೆಲಕ್ಕೆ ಪುಡಿಯಾಗುವ ಗಾರೆಗಿಂತ ಇದು ಮೇಲು; ಮೊಳೆಯ ಏಟಿಗೆ ಗಾರೆ ಬಿರುಕು ಬಿಟ್ಟು ಸಡಿಲವಾದರೆ ಹಲಗೆಯ ಕೆಳಗೆ ಚೂರುಗಳು ಓಡಾಡತೊಡಗುತ್ತವೆ.

ಬಾಗಿಲ ಚೌಕಟ್ಟಿನ ಕಾಲುಗಳ ಸುತ್ತ ಹಲಗೆಯನ್ನು ಕೊರೆದು ಹೊಂದಿಸಲು ಹೋಗಬಾರದು, ಚೌಕಟ್ಟನ್ನೇ ಕೆಳಗಿನಿಂದ ಕೊಯ್ಯಬೇಕು. ಒಂದು ಹಲಗೆಯ ತುಂಡನ್ನು ಫೆಲ್ಟಿನ ತುಂಡಿನ ಮೇಲೆ ಇಟ್ಟು, ಅದರ ಬೆನ್ನಿನ ಮೇಲೆ ಕೈಗರಗಸವನ್ನು ಚಪ್ಪಟೆಯಾಗಿ ಮಲಗಿಸಿ ಚೌಕಟ್ಟಿನ ಕಾಲನ್ನು ಕೊಯ್ದರೆ ಹಲಗೆ ಅದರಡಿಗೆ ನುಸುಳುತ್ತದೆ. ಹಲಗೆ ಹಿಗ್ಗಲು ಬೇಕಾದ ತೆರಪೂ ಅಲ್ಲಿಯೇ ಮರೆಯಾಗುತ್ತದೆ.

ಕಸ ಗುಡಿಸಿ, ಪ್ಲೈವುಡ್ಡಿನ ಮೇಲೆ ಡಾಂಬರು ಫೆಲ್ಟನ್ನು 100 ಮಿಲಿಮೀಟರ್ ಮೇಲ್ಮಡಿಕೆಯೊಂದಿಗೆ ಹಾಸಿದೆ. ಇದು ಕೆಳಗಿನಿಂದ ಬರುವ ತೇವವನ್ನು ಪೂರ್ತಿ ತಡೆಯುವುದಿಲ್ಲ, ನಿಧಾನಗೊಳಿಸುತ್ತದೆ. ಜೊತೆಗೆ ಮರಕ್ಕೆ ಮರ ಉಜ್ಜಿ ಸದ್ದಾಗದಂತೆ ನೋಡಿಕೊಳ್ಳುತ್ತದೆ. ತೊಲೆಗಳಿರುವ ಜಾಗಗಳನ್ನು ಮೊದಲೇ ಗೋಡೆಯ ಬುಡದಲ್ಲಿ ಗುರುತಿಸಿಟ್ಟುಕೊಂಡಿದ್ದರಿಂದ ಫೆಲ್ಟಿನ ಮೇಲೆ ಅವುಗಳ ಗೆರೆಗಳನ್ನು ಎಳೆಯಲು ಸಾಧ್ಯವಾಯಿತು. ಹಲಗೆಗಳು ತೊಲೆಗಳಿಗೆ ಅಡ್ಡವಾಗಿ ಸಾಗಬೇಕು. ಹಾಗಿದ್ದಾಗ ಪ್ರತಿ ಹಲಗೆ ಹಲವು ತೊಲೆಗಳ ಮೇಲೆ ಹಾದು ನೆಲಕ್ಕೆ ಬಿಗಿ ಕೊಡುತ್ತದೆ. ನಮ್ಮ ಕೋಣೆಯಲ್ಲಿ ಅದು ಕೋಣೆಯ ಉದ್ದದ ದಿಕ್ಕೇ ಆಗಿತ್ತು.

ಮೊದಲ ಸಾಲನ್ನು ಎಲ್ಲಿ ಇಡುವುದು ಎಂಬ ಲೆಕ್ಕಕ್ಕೆ ನಾನು ಕೊಟ್ಟ ಸಮಯ ಕಡಿಮೆಯಲ್ಲ. ಕೋಣೆಯ ಅಗಲ ಒಂದು ತುದಿಯಲ್ಲಿ 3620 ಮಿಲಿಮೀಟರ್, ಇನ್ನೊಂದು ತುದಿಯಲ್ಲಿ 3608 ಇತ್ತು. ಎರಡೂ ಗೋಡೆಗಳ ಬಳಿ ತಲಾ 19 ಮಿಲಿಮೀಟರ್ ತೆರಪು ಕಳೆದರೆ ಹಲಗೆಗೆ ಸಿಗುವುದು 3582 ಮತ್ತು 3570. ಇದನ್ನು 83ರಿಂದ ಭಾಗಿಸಿದರೆ 43 ಪೂರ್ಣ ಸಾಲುಗಳು ಮುಗಿದು, ಕೊನೆಯಲ್ಲಿ ಒಂದು ಕಡೆ 13 ಮಿಲಿಮೀಟರ್, ಇನ್ನೊಂದು ಕಡೆ 1 ಮಿಲಿಮೀಟರ್ ಉಳಿಯುತ್ತದೆ. ಅಷ್ಟು ಸಣ್ಣ ಸೀಳನ್ನು ಕೊಯ್ಯುವುದೂ ಕಷ್ಟ, ಮೊಳೆಯಿಂದ ನಿಲ್ಲಿಸುವುದೂ ಕಷ್ಟ. ಅದಕ್ಕೆ ಪೂರ್ಣ ಸಾಲುಗಳನ್ನು 42ಕ್ಕೆ ಇಳಿಸಿ, ಉಳಿದ ಅಗಲವನ್ನು ಮೊದಲ ಮತ್ತು ಕೊನೆಯ ಸಾಲುಗಳಿಗೆ ಹಂಚಿದೆ. ಮೊದಲ ಸಾಲಿಗೆ 45 ಮಿಲಿಮೀಟರ್. ಕೊನೆಯ ಸಾಲು ಒಂದು ತುದಿಯಲ್ಲಿ 51 ಇದ್ದು ಇನ್ನೊಂದು ತುದಿಗೆ 39ಕ್ಕೆ ಇಳಿಯುತ್ತದೆ. ಗೋಡೆಗಳ ಸೊಟ್ಟವೆಲ್ಲ ಹೀಗೆ ಕೊನೆಯ ಸಾಲೊಂದರ ಪಾಲಾಯಿತು. ಕಪಾಟು ಬರುವುದು ಆ ಕಡೆಯೇ ಆದ್ದರಿಂದ ಅದು ಕಣ್ಣಿಗೆ ಬೀಳುವುದೂ ಕಡಿಮೆ.

ಆರಂಭದ ಗೋಡೆ ನಡುವೆ 6 ಮಿಲಿಮೀಟರಿನಷ್ಟು ಹೊರಕ್ಕೆ ಬಾಗಿತ್ತು. ಗೋಡೆಯ ಗುಂಟ ಸಾಲು ಹಿಡಿದರೆ ಆ ಬಾಗು ಮುಂದಿನ ಎಲ್ಲ ಸಾಲುಗಳಿಗೂ ದಾಟುತ್ತದೆ. ಆದ್ದರಿಂದ ಎರಡು ತುದಿಗಳಲ್ಲಿ ಗೋಡೆಯಿಂದ 70 ಮಿಲಿಮೀಟರ್ ಅಳೆದು, ಬಣ್ಣದ ದಾರವನ್ನು ಬಿಗಿಯಾಗಿ ಎಳೆದು ಫೆಲ್ಟಿನ ಮೇಲೆ ಗೆರೆ ಹೊಡೆದೆ. 19 ತೆರಪಿಗೆ, 45 ಹಲಗೆಗೆ, ಉಳಿದ 6 ಹೊರಚಾಚಿದ ನಾಲಿಗೆಗೆ; ನಾಲಿಗೆಯ ತುದಿ ಗೆರೆಯನ್ನು ಮುಟ್ಟಿದರೆ ಸಾಲು ನೇರವಾಗಿದೆ ಎಂದರ್ಥ. ಆ ಗೆರೆ ಬಾಗಿಲಿರುವ ಗೋಡೆಗೆ ಲಂಬವಾಗಿದೆಯೇ ಎಂದು ತಿಳಿಯಲು 1.8, 2.4 ಮತ್ತು 3.0 ಮೀಟರ್‌ಗಳ ತ್ರಿಭುಜವನ್ನು ನೆಲದ ಮೇಲೆಯೇ ಅಳೆದು ನೋಡಿದೆ. ಇಷ್ಟು ದೊಡ್ಡ ಕೋನಕ್ಕೆ ಕೈಯಲ್ಲಿ ಹಿಡಿಯುವ ಮೂಲೆಮಟ್ಟ ಸಾಲದು.

ಮೊದಲ ಸಾಲಿಗೆ ರಾಶಿಯಲ್ಲಿದ್ದ ಅತಿ ನೇರವಾದ, ಉದ್ದನೆಯ ಹಲಗೆಗಳನ್ನು ಆರಿಸಿ, ತೋಡಿನ ಕಡೆಯಿಂದ ಸೀಳಿ 45ಕ್ಕೆ ಇಳಿಸಿದೆ. ನಾಲಿಗೆ ಕೋಣೆಯ ಕಡೆಗಿರಬೇಕು. ಹಲಗೆಯನ್ನು ಉದ್ದಕ್ಕೆ ಸೀಳುವಾಗ ಕೈಯನ್ನು ಗರಗಸದ ಹಲ್ಲಿನ ಬಳಿ ಒಯ್ಯದೆ ತಳ್ಳುಗೋಲನ್ನೇ ಬಳಸಬೇಕು. ಒಳಗಿನ ಬಿಗುವು ಬಿಟ್ಟ ಹಲಗೆ ಸೀಳಿನಲ್ಲಿ ಮುಚ್ಚಿಕೊಂಡು ಹಿಂದಕ್ಕೆ ಚಿಮ್ಮುವುದುಂಟು. ಈ ಸಾಲು ಸುತ್ತಿಗೆಯ ಏಟಿಗೆ ಒಂದಿಷ್ಟೂ ಸರಿಯದಂತೆ ಗೆರೆಯ ಆಚೆ ಬದಿಗೆ ಒಂದು ನೇರ ರೀಪರನ್ನು ತಾತ್ಕಾಲಿಕವಾಗಿ ಸ್ಕ್ರೂ ಹಾಕಿ ಕೂರಿಸಿದೆ. ಗೋಡೆಯ ಕಡೆಯ ಅಂಚಿನಲ್ಲಿ ಮುಂಚಿತವಾಗಿ ತೂತು ಕೊರೆದು ಮೇಲಿನಿಂದಲೇ ಮೊಳೆ ಹೊಡೆದೆ. ಅವು ಗೋಡೆಯ ಬುಡಕ್ಕೆ ಬಡಿಯುವ ಸ್ಕರ್ಟಿಂಗ್ ಪಟ್ಟಿಯ ಅಡಿಗೆ ಹೋಗುತ್ತವೆ. ಬಳಿಕ ರೀಪರು ತೆಗೆದು, ನಾಲಿಗೆಯ ಕಡೆ 45 ಡಿಗ್ರಿ ಓರೆಯಲ್ಲಿ ಕೈಯಿಂದಲೇ ಮೊಳೆ ಇಳಿಸಿದೆ. ಮೊಳೆ ಯಂತ್ರಕ್ಕೆ ಹಿಂದೆ ಗೋಡೆ ಇರುವಲ್ಲಿ ಜಾಗ ಸಾಲದ ಕಾರಣ ಎರಡನೆಯ ಸಾಲೂ ಕೈಕೆಲಸವೇ ಆಯಿತು.

ಮೂರನೆಯ ಸಾಲಿನಿಂದ ಗಾಳಿಯೊತ್ತಡದ ನೈಲರ್ ಕೆಲಸಕ್ಕೆ ಬಂತು. ಅದರ ಪಾದ ಹಲಗೆಯ ಅಂಚಿನ ಮೇಲೆ ಕೂತು, ಕೊಡತಿಯ ಏಟು ಬಿದ್ದಾಗ 50 ಮಿಲಿಮೀಟರ್ ಮೊಳೆಯನ್ನು ನಾಲಿಗೆಯ ಬುಡದಿಂದ ಓರೆಯಾಗಿ ಒಳಕ್ಕೆ ಹೊಡೆಯುತ್ತದೆ. ಅದೇ ಏಟು ಹಲಗೆಯನ್ನು ಹಿಂದಿನ ಸಾಲಿಗೆ ಒತ್ತಿ ಸಂದು ಮುಚ್ಚುತ್ತದೆ. ಮುಖ್ಯ ನೆಲಕ್ಕೆ ಹೋಗುವ ಮೊದಲು ಒಂದು ತುಂಡಿನ ಮೇಲೆ ಒತ್ತಡವನ್ನು ಹೊಂದಿಸಿಕೊಳ್ಳಬೇಕು. ಒತ್ತಡ ಹೆಚ್ಚಾದರೆ ಮೊಳೆಯ ತಲೆ ನಾಲಿಗೆಯನ್ನು ಸೀಳಿಕೊಂಡು ಆಳಕ್ಕೆ ಹೋಗುತ್ತದೆ, ಹಿಡಿತ ಉಳಿಯುವುದಿಲ್ಲ. ಕಡಿಮೆಯಾದರೆ ತಲೆ ಹೊರಗೆ ನಿಂತು ಮುಂದಿನ ಹಲಗೆ ಕೂರದಂತೆ ತಡೆಯುತ್ತದೆ. ನನಗೆ 5ರಿಂದ 6 ಬಾರ್ ನಡುವೆ ಸರಿಹೊಂದಿತು. ಬೆರಳನ್ನು ನಾಲಿಗೆಯ ಮೂಲೆಯಲ್ಲಿ ಎಳೆದಾಗ ತಲೆ ತಗುಲದೆ, ಕುಳಿಯೂ ಸಿಗದೆ ಇರುವುದೇ ಅದರ ಗುರುತು. 200ರಿಂದ 250 ಮಿಲಿಮೀಟರಿಗೊಂದು ಮೊಳೆ, ಪ್ರತಿ ತುದಿಯಿಂದ 50ರಿಂದ 75 ಮಿಲಿಮೀಟರ್ ಒಳಗೆ ಒಂದು ಮೊಳೆ, ಎಷ್ಟೇ ಗಿಡ್ಡ ಹಲಗೆಯಾದರೂ ಕನಿಷ್ಠ ಎರಡು ಮೊಳೆ ಎಂಬ ಕ್ರಮವನ್ನು ಎಲ್ಲಿಯೂ ಬಿಡಲಿಲ್ಲ.

ಹೊಡೆಯುವುದಕ್ಕೆ ಮೊದಲು ಏಳೆಂಟು ಸಾಲುಗಳನ್ನು ನೆಲದ ಮೇಲೆ ಸುಮ್ಮನೆ ಹರವಿ ನೋಡುವುದು ಒಳ್ಳೆಯದು. ಒಂದೇ ಕಟ್ಟಿನ ಹಲಗೆಗಳು ಒಂದೇ ಬಣ್ಣದವಾಗಿರುತ್ತವೆ; ಕಟ್ಟಿನ ಮೇಲೆ ಕಟ್ಟು ಬಿಚ್ಚುತ್ತ ಹೋದರೆ ಮುಗಿದ ನೆಲದಲ್ಲಿ ತೇಪೆ ತೇಪೆಯಾಗಿ ಕಾಣುತ್ತದೆ. ನಾಲ್ಕಾರು ಕಟ್ಟುಗಳನ್ನು ಒಟ್ಟಿಗೆ ಬಿಚ್ಚಿ ಬೆರೆಸಿ, ಪಕ್ಕಪಕ್ಕದ ಸಾಲುಗಳ ತುದಿಯ ಕೂಡುಗಳು ಕನಿಷ್ಠ 150 ಮಿಲಿಮೀಟರ್, ಸಾಧ್ಯವಾದಲ್ಲೆಲ್ಲ 250 ಮಿಲಿಮೀಟರ್ ದೂರವಿರುವಂತೆ ನೋಡಿಕೊಂಡೆ. ಕೂಡುಗಳು ಮೆಟ್ಟಿಲಿನಂತೆ ಒಂದೇ ಅಂತರದಲ್ಲಿ ಏರಿ ಹೋಗುವುದನ್ನೂ ತಪ್ಪಿಸಬೇಕು. ಬೆಳಕು ಓರೆಯಾಗಿ ಬಿದ್ದಾಗ ಕಣ್ಣು ಮೊದಲು ಹಿಡಿಯುವುದು ಅದನ್ನೇ. ಎಡದಿಂದ ಬಲಕ್ಕೆ ಸಾಗಿ ಸಾಲಿನ ಕೊನೆಯ ಹಲಗೆಯನ್ನು ಕತ್ತರಿಸಿದಾಗ ಉಳಿದ ತುಂಡಿನ ಬಲತುದಿಯ ಜೋಡಣೆ ಹಾಗೆಯೇ ಇರುತ್ತದೆ. ಆ ತುಂಡಿನಿಂದಲೇ ಮುಂದಿನ ಸಾಲನ್ನು ಆರಂಭಿಸಿ, ಕತ್ತರಿಸಿದ ತುದಿಯನ್ನು ಎಡಗೋಡೆಯ ಕಡೆಗಿಟ್ಟರೆ ಮರ ವ್ಯರ್ಥವಾಗುವುದು ಬಹಳ ಕಡಿಮೆ. ಕೋಣೆಯ ವಿಸ್ತೀರ್ಣ 15.4 ಚದರ ಮೀಟರಿಗೆ 17 ಚದರ ಮೀಟರ್ ಹಲಗೆ ತರಿಸಿದ್ದೆ. ಸೊಟ್ಟದವು, ದೊಡ್ಡ ಗಂಟಿದ್ದವು ಎಲ್ಲವನ್ನೂ ಬದಿಗಿಟ್ಟ ಮೇಲೂ ಮುಂದಿನ ದುರಸ್ತಿಗೆಂದು ತೆಗೆದಿಡುವಷ್ಟು ಉಳಿಯಿತು.

ಒಂದು ಹಲಗೆ ಎಷ್ಟು ಹೊಡೆದರೂ ಹಿಂದಿನದಕ್ಕೆ ಪೂರ್ತಿ ಅಂಟದೆ, ನಡುವೆ ಅರ್ಧ ಮಿಲಿಮೀಟರ್ ಸಂದು ಉಳಿಸಿತು. ಕೊಡತಿಯ ಸದ್ದು ಅಲ್ಲಿ ಬೇರೆಯಾಗಿತ್ತು; ಪೂರ್ತಿ ಕೂತ ಹಲಗೆ ಕೊಡುವ ಮಂದವಾದ ಗಟ್ಟಿ ಸದ್ದಿನ ಬದಲು ಸ್ವಲ್ಪ ಪುಟಿಯುವ ಸದ್ದು. ಬಲ ಹೆಚ್ಚಿಸದೆ ಹಲಗೆಯನ್ನು ಹೊರತೆಗೆದು ತೋಡಿನೊಳಗೆ ಟಾರ್ಚ್ ಹಿಡಿದು ನೋಡಿದಾಗ, ತುದಿಯನ್ನು ಕತ್ತರಿಸುವಾಗ ಬಿರಿದ ಸಾಸಿವೆ ಕಾಳಿನಷ್ಟು ಮರದ ಚೂರು ತೋಡಿನ ತಳದಲ್ಲಿ ಅಡ್ಡಲಾಗಿ ಸಿಕ್ಕಿಕೊಂಡಿತ್ತು. ಅದನ್ನು ಉಳಿಯ ಮೂಲೆಯಿಂದ ಎಬ್ಬಿಸಿ ತೆಗೆದ ಮೇಲೆ ಅದೇ ಹಲಗೆ ಎರಡು ಏಟಿಗೆ ಕೂತಿತು. ಅಲ್ಲಿಂದ ಮುಂದೆ ಪ್ರತಿ ಹಲಗೆಯ ತೋಡನ್ನೂ ಒಂದು ಒರಟು ಬ್ರಷ್ಷಿನಿಂದ ಗುಡಿಸಿಯೇ ಇಟ್ಟೆ. ಹಲಗೆಯೇ ಬಿಲ್ಲಿನಂತೆ ಬಾಗಿದ್ದರೆ ವಿಷಯ ಬೇರೆ. ಬಾಗು ಸ್ವಲ್ಪವಿದ್ದಲ್ಲಿ, ಅಗಲ ಉಳಿಯನ್ನು ಹಲಗೆಯ ಮುಂದೆ ಪ್ಲೈವುಡ್ಡಿಗೆ ನೆಟ್ಟು, ಅದನ್ನು ಸನ್ನೆಗೋಲಿನಂತೆ ಹಿಂದಕ್ಕೆ ಎಳೆದು ಹಲಗೆಯನ್ನು ಒತ್ತಿ ಹಿಡಿದು, ಒಂದು ತುದಿಯಿಂದ ಮೊಳೆ ಹೊಡೆಯುತ್ತ ಬಂದೆ. ಅದಕ್ಕೂ ಬಗ್ಗದ ಹಲಗೆಯನ್ನು ಎರಡು ಮೂರು ಗಿಡ್ಡ ತುಂಡುಗಳಾಗಿ ಕತ್ತರಿಸಿದರೆ ಬಾಗು ಲೆಕ್ಕಕ್ಕಿಲ್ಲದಷ್ಟಾಗುತ್ತದೆ. ಕಪಾಟಿನ ಅಡಿಗೆ ಅಂಥವನ್ನೇ ಬಳಸಿದೆ.

ಐದಾರು ಸಾಲುಗಳಿಗೊಮ್ಮೆ ಮೊದಲ ಗೆರೆಯಿಂದ ಮೂರು ಕಡೆ ಅಳೆದು ನೋಡುವುದನ್ನು ಮರೆಯಬಾರದು. ಹೊಡೆಯುವವನ ಕೈ ಒಂದು ಕಡೆ ಭಾರವಾಗಿದ್ದರೂ ಸಾಲುಗಳು ಆ ಕಡೆ ಹೆಚ್ಚು ಒತ್ತಿಕೊಂಡು ನಿಧಾನವಾಗಿ ಬೀಸಣಿಗೆಯ ಆಕಾರಕ್ಕೆ ತಿರುಗುತ್ತವೆ. ಒಂದು ಮಿಲಿಮೀಟರ್ ವ್ಯತ್ಯಾಸವನ್ನು ಮುಂದಿನ ಐದು ಸಾಲುಗಳಲ್ಲಿ ಹಂಚಿ ತೀರಿಸಬಹುದು. ನಾಲ್ಕು ಮಿಲಿಮೀಟರ್ ಆದ ಮೇಲೆ ತೀರಿಸುವುದು ಕಷ್ಟ.

ಕೊನೆಯ ಮೂರು ನಾಲ್ಕು ಸಾಲುಗಳಲ್ಲಿ ನೈಲರಿಗೆ ಮತ್ತೆ ಜಾಗವಿಲ್ಲ. ಜಾಗವಿರುವವರೆಗೆ ನಾಲಿಗೆಯ ಮೂಲಕ ಕೈಮೊಳೆ, ಆ ಬಳಿಕ ಮೇಲಿನಿಂದ. ಕೊಡತಿ ಬೀಸಲು ಆಗದ ಕಡೆ ಕೊಕ್ಕೆಯ ಕಬ್ಬಿಣದ ಪಟ್ಟಿಯನ್ನು ಹಲಗೆಯ ಅಂಚಿಗೆ ಸಿಕ್ಕಿಸಿ ಅದರ ಇನ್ನೊಂದು ತುದಿಗೆ ಹೊಡೆದು ಎಳೆದುಕೊಂಡೆ. ಗೋಡೆಗೆ ಆನಿಸಿ ಬೆಣೆ ಹೊಡೆಯುವಾಗ ಗಾರೆ ಕುಸಿಯದಂತೆ ನಡುವೆ ಅಗಲವಾದ ತುಂಡು ಮರವನ್ನಿಟ್ಟೆ. 51ರಿಂದ 39ಕ್ಕೆ ಇಳಿಯುವ ಕೊನೆಯ ಸಾಲಿನ ಪ್ರತಿ ಹಲಗೆಯನ್ನೂ ಅದರದೇ ಜಾಗದಲ್ಲಿ ಎರಡು ತುದಿಗಳಲ್ಲಿ ಅಳೆದು, ಗೆರೆ ಎಳೆದು, ನಾಲಿಗೆಯ ಕಡೆಯಿಂದ ಓರೆಯಾಗಿ ಸೀಳಿ, ಹತ್ತರಿಯಿಂದ ಅಂಚು ನೇರ ಮಾಡಿ ಕೂರಿಸಿದೆ.

ಉಜ್ಜುವ ಕೆಲಸವನ್ನು ಕೂಡಲೇ ಆರಂಭಿಸದೆ ನೆಲವನ್ನು ಕೆಲವು ಕಾಲ ಹಾಗೆಯೇ ಬಿಟ್ಟು, ತೇವಮಾಪಕದ ಅಂಕಿ ಬದಲಾಗದಿರುವುದನ್ನು ಮತ್ತೆ ಖಚಿತಪಡಿಸಿಕೊಂಡೆ. ಹಲಗೆಗಳ ಅಂಚು ತೇವದಿಂದ ಮೇಲೆದ್ದಿರುವಾಗ ಉಜ್ಜಿ ಸಮ ಮಾಡಿದರೆ, ಒಣಗಿದ ಮೇಲೆ ಅಂಚುಗಳು ತಗ್ಗಿ ನಡುಭಾಗ ಉಬ್ಬಿ ನಿಲ್ಲುತ್ತದೆ. ಬಳಿಕ ಡ್ರಮ್ ಯಂತ್ರದಿಂದ 40, 60, 80, 100ರ ಉಜ್ಜುಕಾಗದಗಳನ್ನು (ಅಂಕಿ ಏರಿದಷ್ಟೂ ಕಾಗದ ನಯ) ಕ್ರಮವಾಗಿ ಬಳಸಿ, ಮರದ ಗೆರೆಗಳ ದಿಕ್ಕಿನಲ್ಲೇ ಉಜ್ಜಿದೆ. ಯಂತ್ರ ಚಲಿಸುತ್ತಿರುವಾಗಲೇ ಡ್ರಮ್ಮನ್ನು ಇಳಿಸಬೇಕು, ಚಲಿಸುತ್ತಿರುವಾಗಲೇ ಎತ್ತಬೇಕು. ಅರೆಗಳಿಗೆ ನಿಂತರೂ ಅಲ್ಲೊಂದು ಕುಳಿ. ಹಿಂದಿನ ಕಾಗದ ಬಿಟ್ಟ ಗೀರುಗಳನ್ನು ಅಳಿಸುವುದೇ ಮುಂದಿನ ಕಾಗದದ ಕೆಲಸವಾದ್ದರಿಂದ ನಡುವೆ ಹಂತ ಹಾರಿಸಿದರೆ 40ರ ಗೀರುಗಳು ಲೇಪದ ಕೆಳಗೆ ಎದ್ದು ಕಾಣುತ್ತವೆ. ಗೋಡೆಯಂಚನ್ನು ಉಜ್ಜುವ ಸಣ್ಣ ಯಂತ್ರವೂ ಮುಟ್ಟದ ಮೂಲೆಗಳನ್ನು ಕೆರೆಯುವ ಅಲಗಿನಿಂದ ಕೈಯಲ್ಲೇ ಮಾಡಿದೆ. ಮರದ ಧೂಳನ್ನು ಹಗುರವಾಗಿ ಕಾಣಬಾರದು. ಅದು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿನಲ್ಲಿದೆ. ಚೆನ್ನಾಗಿ ಕೂರುವ ಮುಖವಾಡ ಮತ್ತು ಕಿವಿಗೆ ರಕ್ಷಣೆ ಇಲ್ಲದೆ ಯಂತ್ರ ಶುರುಮಾಡಬಾರದು. ಧೂಳಿನ ಚೀಲವನ್ನು ಕೆಲಸ ಮುಗಿದ ಕೂಡಲೇ ಮನೆಯ ಹೊರಗೆ ಖಾಲಿ ಮಾಡಬೇಕು, ಏಕೆಂದರೆ ಚೀಲದಲ್ಲಿ ತುಂಬಿಟ್ಟ ಧೂಳು ತಾನೇ ಬಿಸಿಯೇರಿ ಹೊತ್ತಿಕೊಳ್ಳುವುದುಂಟು. ಎಣ್ಣೆ ಲೇಪ ಒರೆಸಿದ ಬಟ್ಟೆಗಳಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ. ಮುದ್ದೆ ಮಾಡಿ ಎಸೆಯದೆ ಹೊರಗೆ ಬಿಡಿಸಿ ಒಣಗಿಸಬೇಕು, ಇಲ್ಲವೇ ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಿಡಬೇಕು.

ಲೇಪಕ್ಕೆ ನೀರು ಆಧಾರಿತ ಪಾಲಿಯುರೆಥೇನನ್ನು ಆರಿಸಿದೆ. ಎಣ್ಣೆ ಆಧಾರಿತ ಲೇಪ ಮರಕ್ಕೆ ಜೇನುಬಣ್ಣ ಕೊಟ್ಟು ವರ್ಷ ಕಳೆದಂತೆ ಹಳದಿಯಾಗುತ್ತದೆ. ಓಕಿನ ಸಹಜ ಬಣ್ಣವನ್ನು ಉಳಿಸಿಕೊಳ್ಳುವುದು ನನ್ನ ಉದ್ದೇಶವಾಗಿತ್ತು. ಮೊದಲ ಕೋಟಿನ ನೀರಿಗೆ ಮರದ ಎಳೆಗಳು ನವುರಾಗಿ ಮೇಲೇಳುವುದರಿಂದ, ಒಣಗಿದ ಬಳಿಕ 220ರ ಕಾಗದದಿಂದ ಹಗುರವಾಗಿ ಉಜ್ಜಿ, ಧೂಳು ಹೀರಿ, ಇನ್ನೂ ಎರಡು ಕೋಟು ಹಚ್ಚಿದೆ. ಲೇಪ ಹಚ್ಚಿದ ಮರಕ್ಕೆ ತೇವ ಹೋಗುವುದಿಲ್ಲ ಎಂದು ಭಾವಿಸುವವರಿದ್ದಾರೆ. ಲೇಪ ತೇವದ ಓಡಾಟವನ್ನು ನಿಧಾನ ಮಾಡುತ್ತದೆ ಅಷ್ಟೇ. ಹಲಗೆಯ ಕೆಳಮೈ ಮತ್ತು ಅಂಚುಗಳು ತೆರೆದೇ ಇರುತ್ತವೆ.

ಸ್ಕರ್ಟಿಂಗ್ ಪಟ್ಟಿ 15 ಮಿಲಿಮೀಟರ್ ದಪ್ಪದ್ದು. ಅಷ್ಟೇ ಆದರೆ 19ರ ತೆರಪು ಮುಚ್ಚುವುದಿಲ್ಲ, ಗೋಡೆ ಬಾಗಿದ ಕಡೆ 25ರವರೆಗೂ ಇದೆ. ಅದಕ್ಕೆ ಸ್ಕರ್ಟಿಂಗ್ ಬುಡದಲ್ಲಿ 12 ಮಿಲಿಮೀಟರಿನ ಬೀಡಿಂಗ್, ಎಂದರೆ ಸಣ್ಣ ಅಂಚುಪಟ್ಟಿ, ಸೇರಿಸಿದೆ. ಎರಡರ ಮೊಳೆಗಳೂ ಗೋಡೆಯ ಕಡೆಗೆ ಹೋಗಬೇಕು. ಬೀಡಿಂಗಿನ ಮೊಳೆ ನೆಲದೊಳಗೆ ಇಳಿದರೆ, ಅಷ್ಟು ಲೆಕ್ಕ ಹಾಕಿ ಬಿಟ್ಟ ತೆರಪು ಇದ್ದೂ ಇಲ್ಲದಂತಾಗುತ್ತದೆ. ಬಾಗಿಲ ಬಳಿಯ ಹೊಸ್ತಿಲ ಪಟ್ಟಿಯನ್ನೂ ಒಂದೇ ಬದಿಗೆ ಬಿಗಿದು, ಇನ್ನೊಂದು ಬದಿ ಹಲಗೆಗಳ ತುದಿಯ ಮೇಲೆ ಸುಮ್ಮನೆ ಒರಗಿರುವಂತೆ ಬಿಟ್ಟೆ.

ಒಣಹವೆಯ ಕಾಲ ಬಂದಾಗ ಕೋಣೆಯ ಆರ್ದ್ರತೆ ಶೇಕಡ 33ಕ್ಕೆ ಇಳಿದು, ಕೆಲವು ಸಾಲುಗಳ ನಡುವೆ ತೆಳುವಾದ ಸಂದುಗಳು ಕಂಡವು. ಸಂದಿನೊಳಗೆ ತೆಳು ಲೋಹದ ಎಲೆಗಳನ್ನು ತೂರಿಸಿ ಅಳೆಯುವ ಫೀಲರ್ ಗೇಜಿನಿಂದ ಅಳೆದರೆ ಹೆಚ್ಚಿನವು 0.3ರಿಂದ 0.5 ಮಿಲಿಮೀಟರ್. ಶೇಕಡ 8ರಲ್ಲಿ ಹಾಸಿದ ಮರ ಆ ಗಾಳಿಗೆ 6.5ರ ಆಸುಪಾಸಿಗೆ ಇಳಿಯುತ್ತದೆ; ಅಷ್ಟು ಇಳಿಕೆಗೆ 83 ಮಿಲಿಮೀಟರ್ ಹಲಗೆ ಕುಗ್ಗುವುದೂ ಸುಮಾರು 0.5 ಮಿಲಿಮೀಟರ್. ಮೊಳೆಗಳು ಪ್ರತಿ ಹಲಗೆಯನ್ನು ಅದರದೇ ಜಾಗದಲ್ಲಿ ಹಿಡಿದಿರುವುದರಿಂದ ಕುಗ್ಗುವಿಕೆ ಒಂದೇ ಕಡೆ ಸೇರದೆ ಸಾಲು ಸಾಲಿಗೂ ಹಂಚಿಹೋಗಿದೆ. ಈ ಸಂದುಗಳಿಗೆ ಮರದ ಹುಡಿಯನ್ನಾಗಲಿ ಪುಟ್ಟಿಯನ್ನಾಗಲಿ ತುಂಬಬಾರದು. ತುಂಬಿದರೆ ತೇವದ ಕಾಲದಲ್ಲಿ ಹಿಗ್ಗಲು ಜಾಗವಿಲ್ಲದೆ ಹಲಗೆಗಳ ಅಂಚಿನ ಎಳೆಗಳು ಜಜ್ಜಿಹೋಗುತ್ತವೆ, ಮುಂದಿನ ಒಣಕಾಲಕ್ಕೆ ಸಂದು ಇನ್ನೂ ಅಗಲವಾಗುತ್ತದೆ. ಅಳತೆ, ಆರ್ದ್ರತೆ ಮತ್ತು ಸಾಲಿನ ಸಂಖ್ಯೆಯನ್ನು ಬರೆದಿಟ್ಟಿದ್ದೇನೆ. ಆರ್ದ್ರತೆ ಮತ್ತೆ ಶೇಕಡ 45ಕ್ಕೆ ಏರಿದ ಮೇಲೂ ಮುಚ್ಚಿಕೊಳ್ಳದ ಸಂದು ಇದ್ದರೆ ಆ ಸಾಲಿನ ಮೊಳೆಗಳನ್ನಷ್ಟೇ ಪರೀಕ್ಷಿಸಬೇಕಾಗುತ್ತದೆ.